ಹದಿನಾಲ್ಕನೇ ನಂಬರಿನ ಕೈ

ಮಾರ್ಚ್ 3

ವಾಷರ್‌ಗೆ,

ನಿಮ್ಮ ಕಾರ್ಖಾನೆಯಿಂದ ನೀನು ಕಳಿಸಿದ ಸೈಕಲ್ ಬಂತು. ಶುಕ್ರವಾರ ಮಧ್ಯಾಹ್ನ ಇಬ್ಬರು ಬಂದು ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಬಾಗಿಲಿಗೆ ಒರಗಿಸಿ, ನನ್ನ ಸಹಿ ಹಾಕಿಸಿಕೊಂಡು ಹೋದರು. ಸಹಿ ಹಾಕುವ ಮೊದಲು ಬಿಚ್ಚಿ ನೋಡಬೇಕಿತ್ತೋ ಏನೋ. ಅವರು ಅವಸರದಲ್ಲಿದ್ದರು, ಅವಸರದವರ ಮುಂದೆ ನನಗೆ ಬಾಯಿ ಬರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಎಲ್ಲಾ ಸರಿ ಇದೆ ಅಕ್ಕ’ ಎಂದು ಇಟ್ಟುಬಿಡುತ್ತೀಯ. ಇಟ್ಟ ಮೇಲೆ ನನಗೆ ಕೇಳಬೇಕಾದದ್ದು ನೆನಪಾಗುತ್ತದೆ. ಕಾಗದವನ್ನು ಹಾಗೆ ಇಟ್ಟುಬಿಡುವುದಕ್ಕೆ ಬರುವುದಿಲ್ಲ. ಆರನೇ ತರಗತಿಗೆ ಬಿಟ್ಟವಳ ಅಕ್ಷರ, ಸ್ವಲ್ಪ ಸಹಿಸಿಕೋ.

ಬಣ್ಣ ತುಂಬ ಚೆನ್ನಾಗಿದೆ, ಕಡು ಹಸಿರು. ಟೈರು ನನ್ನ ತೋಳಿನಷ್ಟು ದಪ್ಪ. ಗುಡ್ಡ ಹತ್ತುವ ಸೈಕಲ್ ಎಂದರೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಊರಿಗೆ ನೀರು ಬಿಡಲು ಹದಿಮೂರು ವಾಲ್ವುಗಳನ್ನೂ ಕಾಲೆಳೆದುಕೊಂಡು ಸುತ್ತಬೇಕಾಗಿಲ್ಲ, ಮಂಡಿ ನಿನಗೆ ಒಳ್ಳೆಯದಾಗಲಿ ಎನ್ನುತ್ತಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದು ನಿನಗೆ ಬೇಜಾರಾಗಬಹುದು.

ಹತ್ತುವ ಮೊದಲು ಅಲ್ಲಾಡಿಸಿ ನೋಡಿದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಹ್ಯಾಂಡಲ್ ಮೇಲೆ ಭಾರ ಹಾಕಿದರೆ ಮುಂದಕ್ಕೆ ಬಾಗುತ್ತದೆ. ಅದನ್ನು ಹಿಡಿದಿರುವ ಪಟ್ಟಿಗೆ ನಾಲ್ಕು ಬೋಲ್ಟು, ಎರಡು ಬಿಗಿ, ಇನ್ನೆರಡು ಬೆರಳಲ್ಲೇ ತಿರುಗುತ್ತವೆ. ಹಿಂದಿನ ಬ್ರೇಕನ್ನು ಒತ್ತಿದರೆ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ, ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತದೆ. ತಂತಿಯನ್ನು ಕಚ್ಚಿ ಹಿಡಿಯಬೇಕಾದ ಬೋಲ್ಟು ಕಚ್ಚಿಯೇ ಇಲ್ಲ. ಬಲಗಡೆಯ ಪೆಡಲ್ ಸೊಟ್ಟಗೆ ಕೂತಿದೆ. ಎಡಗಡೆಯದು ಇನ್ನೂ ವಿಚಿತ್ರ, ಬಿಗಿ ಮಾಡೋಣ ಎಂದು ಬಲಕ್ಕೆ ತಿರುಗಿಸಿದರೆ ಕಳಚಿ ಬರುತ್ತದೆ.

ಊಟಕ್ಕೆಂದು ಕಟಿಂಗ್ ಅಂಗಡಿ ಮುಚ್ಚಿಕೊಂಡು ಬಂದ ನಿನ್ನ ಭಾವ ನಿಂತು ನೋಡಿದರು. “ಮದುವೆಗೆ ಮುಂಚೆ ನನ್ನನ್ನೂ ಹೀಗೆ ಅಲ್ಲಾಡಿಸಿ ನೋಡಿದ್ದಿದ್ರೆ ನಾನಾದ್ರೂ ಉಳ್ಕೋತಿದ್ದೆ” ಎಂದರು.

ಮೂರು ದಿನದಿಂದ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೇನೆ. ನಮ್ಮ ಇಂಜಿನಿಯರು, “ಏನಮ್ಮ, ಸೈಕಲ್ಲಿಗೆ ಹುಷಾರಿಲ್ವಾ? ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೀಯಾ?” ಎಂದು ಕೇಳಿದರು. ನಗಲಿ. ಒಂಬತ್ತನೇ ವಾಲ್ವಿನ ಇಳಿಜಾರು ಅವರು ಜೀಪಿನಲ್ಲಿ ಕೂತು ನೋಡಿದ್ದು. ತಿರುವಿಗೆ ಅಡ್ಡಗೋಡೆ ಇಲ್ಲ, ಕೆಳಗೆ ಹಳೆಯ ಕಲ್ಲುಗಣಿ.

ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿತ್ತು: ‘ಜೋಡಿಸಿದವರು – 14’. ನೀನು ಹೋದ ವರ್ಷ ಬಂದಾಗ, ‘ನಾನೀಗ ಮೇಲ್ವಿಚಾರಕ, ಸ್ಪ್ಯಾನರ್ ಮುಟ್ಟೋದೇ ಇಲ್ಲ’ ಎಂದಿದ್ದೆಯಲ್ಲ, ಹಾಗಾಗಿ ನಿನಗೆ ಹೇಳುತ್ತಿದ್ದೇನೆ. ಆ ಹದಿನಾಲ್ಕನೇ ನಂಬರಿನವನ ಮೇಲೆ ಒಂದು ಕಣ್ಣಿಡು. ನಾನು ಸುಮ್ಮನೆ ಹೇಳಿದೆ, ಬೈಯಬೇಡ.

ಪೆಟ್ಟಿಗೆಯಲ್ಲಿ ಒಂದು ದೂರಿನ ಕಾರ್ಡೂ ಇತ್ತು. ತುಂಬುವುದೋ ಬೇಡವೋ ತಿಳಿಯುತ್ತಿಲ್ಲ.

ಅಕ್ಕ

ಮಾರ್ಚ್ 12

ಅಕ್ಕನಿಗೆ,

ನಿನ್ನ ಪತ್ರ ಓದಿ ನಕ್ಕೆ. ಸೈಕಲ್ಲಿನ ಎಡಗಡೆಯ ಪೆಡಲ್ಲಿಗೆ ಮರೆ, ಆ ತಿರುಪಿನ ಸುತ್ತುಗೆರೆ, ಉಲ್ಟಾ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಕಳಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಲೋಕದ ಎಲ್ಲ ಸೈಕಲ್ಲುಗಳೂ ಹಾಗೇ. ಇಪ್ಪತ್ತು ವರ್ಷ ನಲ್ಲಿ, ವಾಲ್ವು ತಿರುಗಿಸಿದವಳಿಗೆ ಎಲ್ಲವೂ ನಲ್ಲಿಯಾಗಿಯೇ ಕಾಣುತ್ತದೆ. ತಪ್ಪು ಸೈಕಲ್ಲಿನದಲ್ಲ, ನಿನ್ನದು.

ಉಳಿದದ್ದೂ ಹಾಗೆಯೇ ಇರಬಹುದು. ಲಾರಿಯಲ್ಲಿ ನಾಲ್ಕು ದಿನ ಕುಲುಕಿದರೆ ಎಂಥ ಬೋಲ್ಟೂ ಸಡಿಲವಾಗುತ್ತದೆ. ಪೆಟ್ಟಿಗೆಯಲ್ಲಿ ಕೀಲಿ ಕೊಟ್ಟಿದ್ದಾರೆ, ಒಂದು ಸುತ್ತು ಬಿಗಿ ಮಾಡಿಕೊಂಡು ಓಡಿಸು.

ಕಾರ್ಡು ಕಳಿಸಬೇಡ. ಹದಿನಾಲ್ಕನೇ ನಂಬರಿನವನು ಹಳಬ. ಹತ್ತೊಂಬತ್ತು ವರ್ಷದಲ್ಲಿ ಅವನ ಮೇಲೆ ಒಂದು ದೂರು ಬಂದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಮನುಷ್ಯ.

ಭಾವನನ್ನು ಕೇಳಿದೆ ಎಂದು ಹೇಳು. ಇಲ್ಲಿ ಎಲ್ಲಾ ಸರಿ ಇದೆ.

ನಿನ್ನ ತಮ್ಮ

ಮಾರ್ಚ್ 17

ವಾಷರ್‌ಗೆ,

ಎಡಗಡೆಯ ಪೆಡಲ್ ವಿಷಯ ಓದಿ ನಾಚಿಕೆಯಾಯಿತು. ನಿನ್ನ ಭಾವ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಸೋಪು ಹಚ್ಚಿಸಿಕೊಂಡು ಕೂತವರು ನಗಬಾರದು ಎಂಬುದಾದರೂ ಅವರಿಗೆ ಗೊತ್ತಿರಬೇಕಿತ್ತು.

ಆದರೆ ಕಾರ್ಡು ಹೋಗಿಬಿಟ್ಟಿದೆ. ನಿನ್ನ ಪತ್ರ ಬರುವುದಕ್ಕೆ ಒಂದು ವಾರ ಮೊದಲೇ ತುಂಬಿ ಹಾಕಿಬಿಟ್ಟೆ. ಹಾಕುವವರೆಗೆ ಹಾಕಲೋ ಬೇಡವೋ ಎಂಬ ಚಿಂತೆ, ಹಾಕಿದ ಮೇಲೆ ಯಾಕೆ ಹಾಕಿದೆನೋ ಎಂಬ ಚಿಂತೆ. ಎಡಗಡೆಯ ಪೆಡಲನ್ನೂ ಸೇರಿಸಿ ಬರೆದಿದ್ದೇನೆ. ಓದಿದವರು ಈ ಹೆಂಗಸಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಬದಿಗಿಟ್ಟರೆ ನಿನ್ನ ಗೆಳೆಯನಿಗೆ ಒಳ್ಳೆಯದೇ ಆಯಿತು.

ಇನ್ನೊಂದು ಮಾತು. ಲಾರಿಯ ಕುಲುಕಾಟಕ್ಕೆ ಬೋಲ್ಟು ಸಡಿಲವಾಗಬಹುದು, ಮರೆ ತಿಂದುಹೋಗುವುದಿಲ್ಲ. ಬಲಗಡೆಯ ಪೆಡಲನ್ನು ಬಿಚ್ಚಿದೆ. ಅದು ಕೂರುವ ತೂತಿನೊಳಗಿನ ಮರೆ ಅರ್ಧ ಇಲ್ಲವೇ ಇಲ್ಲ. ಒಳಗಿನಿಂದ ಬಂದ ಲೋಹದ ಸುರುಳಿಯೊಂದನ್ನು ಈ ಪತ್ರದ ಮಡಿಕೆಯಲ್ಲಿ ಇಟ್ಟಿದ್ದೇನೆ, ಬಿಚ್ಚುವಾಗ ಜೋಪಾನ, ಚುಚ್ಚುತ್ತದೆ. ಪೆಡಲನ್ನು ಸೊಟ್ಟಗೆ ಹಿಡಿದು, ಸೊಟ್ಟಗೇ ಬಲ ಹಾಕಿ ತಿರುಗಿಸಿದ್ದಾನೆ ಪುಣ್ಯಾತ್ಮ.

ಅಪ್ಪ ನಲ್ಲಿ ಕೂರಿಸುವಾಗ ಏನು ಹೇಳುತ್ತಿದ್ದರು, ನಿನಗೆ ನೆನಪಿದೆಯೇ? ನಿನಗೆ ಐದು ವರ್ಷ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಬೆರಳ ಮೇಲೆ ನನ್ನ ಬೆರಳಿಟ್ಟು ನಾನೇ ಕಲಿಸಿದ್ದು. ಮೊದಲು ಹಿಂದಕ್ಕೆ ತಿರುಗಿಸು. ಎರಡು ಮರೆಗಳ ತುದಿ ಒಂದರಿಂದ ಒಂದು ಜಾರಿ ಬಿದ್ದಾಗ ‘ಟಿಕ್’ ಎನ್ನುತ್ತದೆ. ಕಿವಿಗಲ್ಲ, ಬೆರಳಿಗೆ. ಆಮೇಲೆ ಮುಂದಕ್ಕೆ. ಹೀಗೆ ಮಾಡಿದರೆ ಯಾವ ಮರೆಯೂ ಸೊಟ್ಟಗೆ ಹತ್ತುವುದಿಲ್ಲ. ಅವತ್ತೇ ನೀನು ಪಕ್ಕದಲ್ಲಿದ್ದ ವಾಷರನ್ನು ನುಂಗಿ, ಮೂರು ದಿನ ನಮ್ಮನ್ನೆಲ್ಲ ಕಾಯಿಸಿ, ಈ ಹೆಸರು ಪಡೆದದ್ದು.

ಹದಿನಾಲ್ಕನೇ ನಂಬರಿನವನಿಗೆ ಹಾಗೆ ಕಲಿಸುವವರು ಇರಲಿಲ್ಲ ಎಂದು ಕಾಣುತ್ತದೆ. ಅಥವಾ ಕುಡಿಯುತ್ತಾನೋ. ಬೆಳಿಗ್ಗೆಯೇ ಕುಡಿದು ಬರುವವರು ನಮ್ಮ ಪಂಪ್‌ಹೌಸಿನಲ್ಲೂ ಒಬ್ಬರಿದ್ದರು, ನೋಡಿದರೆ ಗೊತ್ತಾಗುತ್ತಿರಲಿಲ್ಲ, ಅವರು ಮುಟ್ಟಿದ ಕೆಲಸ ನೋಡಿದರೆ ಗೊತ್ತಾಗುತ್ತಿತ್ತು. ನಿನ್ನ ಗೆಳೆಯನ ಬಗ್ಗೆ ಹೀಗೆ ಬರೆಯಬಾರದು. ಮನಸ್ಸಿಗೆ ಬಂತು.

ನೀನು ಪೆನ್ನನ್ನು ಯಾಕೆ ಅಷ್ಟು ಒತ್ತುತ್ತೀಯ? ಎರಡು ಕಡೆ ಕಾಗದವೇ ಹರಿದಿದೆ. ಕೆಳಗೆ ಕಾರ್ಬನ್ ಇಟ್ಟಿದ್ದರೆ ನಾಲ್ಕು ಪ್ರತಿ ಬರುತ್ತಿತ್ತು. ಸಿಟ್ಟಿನಲ್ಲಿ ಬರೆದೆಯಾ? ನಿನ್ನ ಹೆಂಡತಿಗೆ ಮೊನ್ನೆ ಫೋನ್ ಮಾಡಿದ್ದೆ. ಇಸ್ತ್ರಿಪೆಟ್ಟಿಗೆಯ ಮೇಲೆ ಕೈಯಿಟ್ಟು ಸುಟ್ಟುಕೊಂಡೆಯಂತೆ. “ವಾಸನೆ ಬಂದ್ಮೇಲೆ ಎತ್ತಿದ್ರು ಅತ್ತಿಗೆ” ಎಂದಳು, ಮತ್ತೆ ಮಾತು ಬದಲಿಸಿದಳು. ಗಮನ ಎಲ್ಲಿರುತ್ತದೆ ನಿನಗೆ? ಮೇಲ್ವಿಚಾರಕನಾದವನಿಗೆ ನೂರೆಂಟು ಯೋಚನೆ ಇರುತ್ತದೆ, ಒಪ್ಪಿದೆ. ಕೈಯನ್ನಾದರೂ ನೋಡಿಕೋ.

ಅಕ್ಕ

ಮಾರ್ಚ್ 29

ಅಕ್ಕನಿಗೆ,

ಹದಿನಾಲ್ಕನೇ ನಂಬರಿನವನು ಕುಡಿಯುವುದಿಲ್ಲ.

ನಿನ್ನ ಕಾರ್ಡು ತಲುಪಿತು. ಇಲ್ಲಿ ಕೆಲಸ ಶುರುವಾಗುವ ಮೊದಲು ಎಲ್ಲರೂ ಹತ್ತು ನಿಮಿಷ ಸಾಲಾಗಿ ನಿಲ್ಲಬೇಕು. ಸೋಮವಾರ ಆ ಸಾಲಿನ ಮುಂದೆ ಕಾರ್ಡನ್ನು ಗಟ್ಟಿಯಾಗಿ ಓದಿದರು. ಎಡಗಡೆಯ ಪೆಡಲ್ ಬಂದಾಗ ಎಲ್ಲರೂ ನಕ್ಕರು. ಬ್ರೇಕಿನ ಬೋಲ್ಟು ಬಂದಾಗ ಯಾರೂ ನಗಲಿಲ್ಲ. ಆಮೇಲೆ ಮ್ಯಾನೇಜರು ಹದಿನಾಲ್ಕನೇ ನಂಬರಿನವನನ್ನು ಬೆಂಚಿನಿಂದ ಎಬ್ಬಿಸಿದರು. ಈಗ ಅವನು ಖಾಲಿ ಪೆಟ್ಟಿಗೆಗಳನ್ನು ಕತ್ತರಿಸಿ ಕಟ್ಟು ಕಟ್ಟುತ್ತಿದ್ದಾನೆ. ಹತ್ತೊಂಬತ್ತು ವರ್ಷ ಆದವನು.

ನಿನಗೆ ಕಚೇರಿಯಿಂದ ಒಂದು ಪತ್ರ ಬರುತ್ತದೆ. ದೂರು ನಿಜವೇ ಎಂದು ಕೇಳುತ್ತಾರೆ. ನೀನು ನಿಜ ಎಂದು ಬರೆದರೆ, ಅವನು ಚಳಿಗಾಲದಿಂದ ಜೋಡಿಸಿದ ಸೈಕಲ್ಲುಗಳನ್ನೆಲ್ಲ ಮನೆಮನೆಯಿಂದ ವಾಪಸ್ ತರಿಸಿ ಬಿಚ್ಚಿ ನೋಡುತ್ತಾರೆ. ಆಮೇಲೆ ಅವನಿಗೆ ಇಲ್ಲಿ ಜಾಗ ಇರುವುದಿಲ್ಲ. ನೀನು ‘ನನಗೆ ತಿಳಿಯದೆ ಬರೆದೆ, ಸೈಕಲ್ ಸರಿ ಇದೆ’ ಎಂದು ಎರಡು ಸಾಲು ಬರೆದರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ. ಅದು ಸುಳ್ಳೂ ಅಲ್ಲ, ಎಡಗಡೆಯ ಪೆಡಲ್ ವಿಷಯದಲ್ಲಿ ನೀನು ತಿಳಿಯದೆಯೇ ಬರೆದದ್ದು.

ಬಲಗಡೆಯದನ್ನು ನಾನು ಸರಿ ಮಾಡಿಸಿಕೊಡುತ್ತೇನೆ. ಅದು ನನ್ನ ಜವಾಬ್ದಾರಿ.

ಅವನಿಗೆ ಕಲಿಸುವವರು ಇರಲಿಲ್ಲ ಎಂದು ಬರೆದೆಯಲ್ಲ, ಇದ್ದರು. ಟಿಕ್ ಎಂದರೆ ಏನು ಎಂದು ಅವನಿಗೂ ಗೊತ್ತು.

ನಿನ್ನ ತಮ್ಮ

ಏಪ್ರಿಲ್ 5

ವಾಷರ್‌ಗೆ,

ಕಚೇರಿಯ ಪತ್ರ ಬಂತು. ‘ಹದಿನಾಲ್ಕನೇ ನಂಬರಿನವರ ಬಗ್ಗೆ ತೀರ್ಮಾನಿಸುವ ಮೊದಲು ತಮ್ಮ ದೂರನ್ನು ಖಚಿತಪಡಿಸಬೇಕಾಗಿ ವಿನಂತಿ.’ ನನ್ನಂಥವಳಿಗೆ ವಿನಂತಿ ಮಾಡಿದ್ದಾರೆ. ಸಕ್ಕರೆ ಡಬ್ಬಿಯ ಕೆಳಗಿಟ್ಟಿದ್ದೇನೆ. ಚಹಾ ಮಾಡಿದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ನೀನು ಹೇಳಿದ ಎರಡು ಸಾಲನ್ನು ಬರೆಯೋಣ ಎಂದೇ ಕೂತೆ. ಬರೆಯುವ ಮೊದಲು ಇನ್ನೊಂದು ಸಲ ಸೈಕಲ್ ನೋಡಬೇಕು ಎನಿಸಿತು. ನಿನ್ನೆ ಭಾನುವಾರವಲ್ಲದಿದ್ದರೂ ರಜೆ ಹಾಕಿದೆ. ಹಿತ್ತಲಲ್ಲಿ ಚಾಪೆ ಹಾಕಿ, ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿ ಸಾಲಾಗಿ ಇಟ್ಟೆ. “ಪೋಸ್ಟ್‌ಮಾರ್ಟಂ ಎಷ್ಟು ಹೊತ್ತಿಗೆ ಮುಗಿಯುತ್ತೆ? ಹೊಟ್ಟೆ ಹಸೀತಿದೆ” ಎಂದು ನಿನ್ನ ಭಾವ ಎರಡು ಸಲ ಬಂದು ಕೇಳಿದರು.

ಆಮೇಲೆ ಅವರೂ ಪಕ್ಕದಲ್ಲಿ ಕೂತರು. ಕಣ್ಣಿಗೆ ಕಾಣುವುದೆಲ್ಲ ಅಚ್ಚುಕಟ್ಟಾಗಿದೆ. ಹ್ಯಾಂಡಲ್ ಮುಂದಿನ ಚಕ್ರಕ್ಕೆ ನೂಲು ಹಿಡಿದ ಹಾಗೆ ನೇರ. ಟೈರಿನ ಮೇಲಿನ ಅಕ್ಷರ ಎರಡು ಕಡೆಯೂ ಗಾಳಿ ಹಾಕುವ ಮೂತಿಯ ಹತ್ತಿರವೇ ಬರುವಂತೆ ಕೂರಿಸಿದ್ದಾನೆ. ತಂತಿಯ ತುದಿ ಪೊರಕೆಯಾಗದಂತೆ ಟೋಪಿ ಹಾಕಿದ್ದಾನೆ. ಗ್ರೀಸ್ ಹಚ್ಚಿ, ಮೆತ್ತಿದ್ದನ್ನು ಒರೆಸಿದ್ದಾನೆ. ಸೋಮಾರಿ ಹೀಗೆ ಮಾಡುವುದಿಲ್ಲ, ಕುಡುಕನೂ ಮಾಡುವುದಿಲ್ಲ. ತಪ್ಪಿರುವುದೆಲ್ಲ ಬೆರಳಿಗೆ ಗೊತ್ತಾಗಬೇಕಾದ ಜಾಗದಲ್ಲಿ. ಮರೆ ಹತ್ತಿತೋ ಇಲ್ಲವೋ, ಬೋಲ್ಟು ಕಚ್ಚಿತೋ ಇಲ್ಲವೋ.

“ಇವ್ನಿಗೆ ಕಣ್ಣು ಚೆನ್ನಾಗಿದೆ, ಕೈ ಸತ್ತಿದೆ ಕಣೇ” ಎಂದರು ನಿನ್ನ ಭಾವ. ಅವರದೂ ಬೆರಳಿನ ಕೆಲಸ ತಾನೇ, ಕತ್ತಿಯ ಕೆಳಗೆ ಚರ್ಮ ಎಲ್ಲಿ ಏಳುತ್ತದೆ ಎಂದು ಅವರ ಬೆರಳಿಗೇ ಗೊತ್ತು. ಸುಮ್ಮನೆ ಹೇಳಿ ಕೈ ತೊಳೆಯಲು ಹೋದರು.

ನಾನು ಒಳಗೆ ಹೋಗಿ ನಿನ್ನ ಎರಡು ಪತ್ರಗಳನ್ನೂ ತಂದೆ. ಬೋರಲು ಹಾಕಿ ಹಿಂಭಾಗದ ಮೇಲೆ ಬೆರಳಾಡಿಸಿದೆ. ನಿನ್ನ ಒಂದೊಂದು ಅಕ್ಷರವೂ ಉಬ್ಬಿ ನಿಂತಿದೆ, ಕುರುಡರೂ ಓದಬಹುದು. ಸಿಟ್ಟು ಎಂದುಕೊಂಡಿದ್ದೆ. ಪೆನ್ನು ಕೈಯಲ್ಲಿದೆ ಎಂದು ಗೊತ್ತಾಗಬೇಕಾದರೆ ಅಷ್ಟು ಒತ್ತಲೇಬೇಕೇನೋ. ವಾಸನೆ ಬಂದ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಕೈ ಎತ್ತಿದೆಯಂತೆ.

ಹತ್ತೊಂಬತ್ತು ವರ್ಷ. ನೀನು ಆ ಕೆಲಸಕ್ಕೆ ಸೇರಿಯೂ ಅಷ್ಟೇ ವರ್ಷ. ಸೇರುವ ದಿನ ನಿನ್ನ ಅಂಗಿಗೆ ಗುಂಡಿ ಹೊಲಿದು ಕಳಿಸಿದವಳು ನಾನು. ಲೆಕ್ಕ ಬರದವಳಲ್ಲ, ಮಾಡಲು ಮನಸ್ಸಿರಲಿಲ್ಲ.

ಹದಿನಾಲ್ಕು ನೀನೇ ಅಲ್ಲವೇ.

ಕುಡುಕ ಎಂದು ಬರೆದೆ, ಕಲಿಸುವವರಿರಲಿಲ್ಲ ಎಂದು ಬರೆದೆ, ಕಲಿಸಿದವಳು ನಾನೇ. ಎಷ್ಟು ದಿನದಿಂದ ಹೀಗೆ? ಯಾವ ಬೆರಳು? ಡಾಕ್ಟರು ನೋಡಿದರೇ? ನಿನ್ನ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದೀಯಾ? ಮೇಲ್ವಿಚಾರಕ ಆದದ್ದೂ ಇಲ್ಲ ತಾನೇ?

ಆ ಎರಡು ಸಾಲು ಬರೆಯಲು ನನ್ನಿಂದ ಆಗುತ್ತಿಲ್ಲ. ನಿನಗೋಸ್ಕರ ಏನು ಬೇಕಾದರೂ ಸುಳ್ಳು ಹೇಳುತ್ತೇನೆ. ವಾಷರ್ ಕಾಣೆಯಾದ ದಿನವೂ ಅಪ್ಪನ ಮುಂದೆ ನಾನೇ ಕಳೆದೆ ಎಂದಿದ್ದೆ. ಆದರೆ ನಾನು ಪುಕ್ಕಲಿ, ಹತ್ತುವ ಮೊದಲು ಅಲ್ಲಾಡಿಸಿ ನೋಡಿದೆ. ಎಲ್ಲರೂ ನೋಡುವುದಿಲ್ಲ. ಹೊಸ ಸೈಕಲ್ ಬಂದರೆ ಜನ ಹತ್ತಿ ಹೊರಟುಬಿಡುತ್ತಾರೆ. ಅವರ ದಾರಿಯಲ್ಲೂ ಎಲ್ಲೋ ಒಂದು ಒಂಬತ್ತನೇ ವಾಲ್ವಿನ ತಿರುವು ಇರುತ್ತದೆ.

ಹದಿನೈದನೇ ತಾರೀಖಿನವರೆಗೆ ಕಾಯುತ್ತೇನೆ. ಅಷ್ಟರೊಳಗೆ ನೀನೇ ಅವರಿಗೆ ಹೇಳಿದರೆ ಅದು ಒಂದು ಥರ. ನಾನು ಹೇಳಿದರೆ ಇನ್ನೊಂದು ಥರ.

ಅಕ್ಕ

ಏಪ್ರಿಲ್ 11

ಅಕ್ಕ,

ಕಾರ್ಡು ಹಾಕುವ ಮೊದಲು ನನ್ನ ಉತ್ತರಕ್ಕೆ ಕಾಯಬಹುದಿತ್ತು. ಒಂದು ವಾರ.

ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು. ಬಲಗೈ. ಕೇಳಿದೆಯಲ್ಲ.

ನಿನಗೆ ಸರಿ ಕಂಡದ್ದನ್ನು ಬರೆ.

ಏಪ್ರಿಲ್ 15

ವಾಷರ್‌ಗೆ,

ಬರೆದು ಹಾಕಿದೆ. ಒಂದು ಪ್ರತಿ ನಿನಗೂ ಇರಲಿ ಎಂದು ಕೆಳಗೆ ಇಳಿಸುತ್ತಿದ್ದೇನೆ. ಬೆನ್ನ ಹಿಂದೆ ಬರೆದಳು ಎನ್ನಬಾರದು.

‘ಮ್ಯಾನೇಜರ್ ಸಾಹೇಬರಿಗೆ. ನನ್ನ ದೂರು ನಿಜ. ಹ್ಯಾಂಡಲ್, ಹಿಂದಿನ ಬ್ರೇಕು, ಬಲಗಡೆಯ ಪೆಡಲ್ ಮೂರೂ ಸರಿಯಿರಲಿಲ್ಲ. ಎಡಗಡೆಯ ಪೆಡಲ್ ನನ್ನ ತಿಳಿವಳಿಕೆಯ ತಪ್ಪು, ಅದನ್ನು ಹೊಡೆದುಹಾಕಿ. ಬೇರೆಯವರ ಮನೆಗೆ ಹೋದ ಸೈಕಲ್ಲುಗಳನ್ನು ದಯವಿಟ್ಟು ನೋಡಿಸಿ. ಜೋಡಿಸಿದವರು ಸೋಮಾರಿಯಲ್ಲ. ಅವರ ಬೆರಳಿಗೆ ಸ್ಪರ್ಶ ತಿಳಿಯುತ್ತಿಲ್ಲ ಎಂದು ಸೈಕಲ್ ನೋಡಿದರೆ ಗೊತ್ತಾಗುತ್ತದೆ. ಕಣ್ಣಿನಿಂದ ಮಾಡುವ ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ನಾನು ಅವರ ಅಕ್ಕ. ಕಾರ್ಡು ಹಾಕುವಾಗ ಇದು ನನಗೆ ತಿಳಿದಿರಲಿಲ್ಲ, ಈಗ ತಿಳಿದಿದೆ, ಆದರೂ ದೂರು ನಿಜ.’

ಕೊನೆಯ ಸಾಲು ಬೇಕಿತ್ತೋ ಇಲ್ಲವೋ. ಅಂಚೆ ಡಬ್ಬಿಯ ಬಾಯಿಯಲ್ಲಿ ಸುಮಾರು ಹೊತ್ತು ಹಿಡಿದುಕೊಂಡೇ ನಿಂತಿದ್ದೆ. ಹಿಂದೆ ನಿಂತಿದ್ದವರೊಬ್ಬರು, “ಹಾಕ್ತೀರಾ, ಇಲ್ಲಾ ಓದಿ ಹೇಳ್ತಿದ್ದೀರಾ ಡಬ್ಬಿಗೆ?” ಎಂದು ಕೇಳಿದರು. ಬಿಟ್ಟೆ.

ಅಕ್ಕ

ಮೇ 6

ವಾಷರ್‌ಗೆ,

ಉತ್ತರ ಬರಲಿಲ್ಲ. ಅಂಚೆಯವರು ತಪ್ಪು ಮನೆಗೆ ಹಾಕಿದರೇನೋ ಎಂದು ಅಕ್ಕಪಕ್ಕ ಕೇಳಿದೆ. ಫೋನನ್ನು ನಿನ್ನ ಹೆಂಡತಿ ಎತ್ತುತ್ತಾಳೆ, “ಇದಾರೆ ಅತ್ತಿಗೆ, ಊಟ ಮಾಡ್ತಿದಾರೆ” ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಊಟ, ಸಂಜೆ ಮಾಡಿದರೂ ಊಟ. ಅಷ್ಟು ತಿಂದರೆ ನಿನಗೆ ಬಟ್ಟೆ ಹಿಡಿಸುವುದಿಲ್ಲ.

ಹ್ಯಾಂಡಲ್ ಮತ್ತು ಬ್ರೇಕನ್ನು ನಾನೇ ಸರಿ ಮಾಡಿದೆ. ಬಲಗಡೆಗೆ ಪೆಡಲ್ ಇಲ್ಲ. ಈಗಲೂ ನಡೆಸಿಕೊಂಡೇ ಹೋಗುತ್ತೇನೆ. ಸಾಮಾನಿನ ಚೀಲ ಹಾಕಲು ಅನುಕೂಲ.

ಅಕ್ಕ

ಮೇ 29

ವಾಷರ್,

ಬೈಯುವುದಾದರೂ ಬರೆ. ಪೆನ್ನು ಹಿಡಿಯಲು ಕಷ್ಟವಾದರೆ ನಿನ್ನ ಹೆಂಡತಿಯ ಕೈಯಲ್ಲಿ ಬರೆಸು. ಖಾಲಿ ಕಾಗದ ಹಾಕಿದರೂ ಸಾಕು, ಬೆರಳಾಡಿಸಿ ನೋಡಿಕೊಳ್ಳುತ್ತೇನೆ.

ಜೂನ್ 12

ಅಕ್ಕನಿಗೆ,

ಇದನ್ನು ಬಡಗಿಯ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ದಪ್ಪಗಿದೆ, ಜಾರುವುದಿಲ್ಲ. ಅಕ್ಷರ ಕೆಟ್ಟದಾಗಿದ್ದರೆ ಪೆನ್ಸಿಲ್ಲಿನ ತಪ್ಪು.

ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ಯಾರ ಮೇಲೆ ಎಂದು ಗೊತ್ತಾಗದೆ ಸುಮ್ಮನಿದ್ದೆ.

ಏಪ್ರಿಲ್ ಹದಿನಾಲ್ಕನೇ ತಾರೀಖು ನಾನೇ ಹೋಗಿ ಮ್ಯಾನೇಜರಿಗೆ ಹೇಳಿದೆ. ನಿನ್ನ ಪತ್ರ ಅವರಿಗೆ ಸಿಕ್ಕಿದ್ದು ಹದಿನೆಂಟಕ್ಕೆ. ಹಾಗಾಗಿ ನೀನು ಬರೆಯದಿದ್ದರೂ ಆಗುತ್ತಿತ್ತು. ನೀನು ಬರೆಯುತ್ತೀಯ ಎಂದು ಗೊತ್ತಿರದಿದ್ದರೆ ನಾನು ಹೋಗುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಮನೆಗಳಿಗೆ ಹೋಗಿದ್ದ ಅರವತ್ತೆರಡು ಸೈಕಲ್ ವಾಪಸ್ ತರಿಸಿದರು, ಉಳಿದವು ಇನ್ನೂ ಗೋದಾಮಿನಲ್ಲೇ ಇದ್ದವು. ಬಿಚ್ಚುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಹನ್ನೊಂದರಲ್ಲಿ ದೋಷ ಇತ್ತು. ನಾಲ್ಕರಲ್ಲಿ ಬ್ರೇಕು. ಒಬ್ಬರು ಆಗಲೇ ಬಿದ್ದಿದ್ದರು. ಮೊಣಕೈ ಮುರಿದಿತ್ತು. ಅವರು ದೂರು ಕೊಟ್ಟಿರಲಿಲ್ಲ, ತಮ್ಮದೇ ತಪ್ಪು ಎಂದುಕೊಂಡಿದ್ದರಂತೆ. ನಾನು ಅವರ ಮನೆಗೆ ಹೋಗಿ ಬಂದೆ. ಏನು ಹೇಳಿದೆ ಎಂದು ಕೇಳಬೇಡ.

ಡಾಕ್ಟರು ನೋಡಿದರು. ಗಾಳಿಯ ಒತ್ತಡದಿಂದ ತಿರುಗುವ ಸ್ಪ್ಯಾನರನ್ನು ಹತ್ತೊಂಬತ್ತು ವರ್ಷ ಹಿಡಿದದ್ದಕ್ಕೆ, ಅದರ ನಡುಕ ನರಕ್ಕೆ ಹತ್ತಿದೆ. ಎರಡು ವರ್ಷದಿಂದ ಜುಮ್ ಎನ್ನುತ್ತಿತ್ತು, ಈ ಚಳಿಗಾಲದಿಂದ ಅದೂ ಇಲ್ಲ. ಪೂರ್ತಿ ವಾಪಸ್ ಬರುವುದಿಲ್ಲವಂತೆ. ಮೇಲ್ವಿಚಾರಕನನ್ನಾಗಿ ಮಾಡುತ್ತೇವೆ ಎಂದಿದ್ದು ನಿಜ, ಮಾಡಲಿಲ್ಲ. ನಿನಗೆ ಹೇಳಿಯಾಗಿತ್ತು.

ಕೆಲಸದಿಂದ ತೆಗೆಯಲಿಲ್ಲ. ನಿನ್ನ ಪತ್ರದಲ್ಲಿ ‘ಕಣ್ಣಿನಿಂದ ಮಾಡುವ ಕೆಲಸದಲ್ಲಿ ಒಂದು ತಪ್ಪೂ ಇಲ್ಲ’ ಎಂಬ ಸಾಲಿನ ಕೆಳಗೆ ಮ್ಯಾನೇಜರು ಗೆರೆ ಎಳೆದಿದ್ದರು. ಈಗ ಚಕ್ರದ ವಿಭಾಗದಲ್ಲಿ ಕೂತಿದ್ದೇನೆ. ಚಕ್ರ ತಿರುಗಿಸಿ ಓಲಾಡುತ್ತದೆಯೋ ಎಂದು ನೋಡುವುದು, ಕಡ್ಡಿಗಳನ್ನು ಮೀಟಿ ಎಲ್ಲ ಒಂದೇ ದನಿಯಲ್ಲಿವೆಯೋ ಎಂದು ಕೇಳುವುದು. ಅದಕ್ಕೆ ಕಣ್ಣು, ಕಿವಿ ಸಾಕು. ಇಲ್ಲಿನವರು ‘ವಾದ್ಯಗಾರ’ ಎನ್ನುತ್ತಾರೆ. ಹದಿನಾಲ್ಕನೇ ನಂಬರನ್ನು ಸದ್ಯಕ್ಕೆ ಯಾರಿಗೂ ಕೊಟ್ಟಿಲ್ಲ.

ಒಂದನ್ನು ಹೇಳಬೇಕು. ನಿನ್ನ ಸೈಕಲ್ಲನ್ನು ಅವಸರದಲ್ಲಿ ಜೋಡಿಸಿದ್ದಲ್ಲ. ದಿನಕ್ಕೆ ಆರು ಮಾಡುವವನು ಅದೊಂದಕ್ಕೇ ಇಡೀ ದಿನ ತೆಗೆದುಕೊಂಡೆ. ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾದೆ. ಟಿಕ್ ಎನ್ನಲಿಲ್ಲ. ಇನ್ನೊಂದು ಸಲ ತಿರುಗಿಸಿದೆ, ಇನ್ನೊಂದು ಸಲ. ಆಮೇಲೆ, ‘ಟಿಕ್ ಎಂದಿರಬೇಕು, ನನಗೇ ಗೊತ್ತಾಗಲಿಲ್ಲ’ ಎಂದುಕೊಂಡು ಮುಂದಕ್ಕೆ ತಿರುಗಿಸಿದೆ. ಬಿಗಿಯಾಗಿ ಹೋಗುತ್ತಿತ್ತು, ಒಳ್ಳೆಯ ಮರೆ ಎಂದುಕೊಂಡೆ. ಆ ಅರವತ್ತೆರಡಕ್ಕಿಂತಲೂ ಜೋಪಾನವಾಗಿ ಮಾಡಿದ್ದು ನಿನ್ನದು.

ಪೆಡಲ್ ಕೂರುವ ಬಲಗಡೆಯ ತೋಳನ್ನು ಹಲ್ಲುಚಕ್ರದ ಸಮೇತ ಹೊಸದಾಗಿ ಕಳಿಸಿದ್ದೇನೆ, ಜೊತೆಗೆ ಪೆಡಲ್. ಹಳೆಯದನ್ನು ಕಳಚುವ ಸಾಧನ ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಕೂರಿಸುವುದನ್ನು ಮಾತ್ರ ಅಂಗಡಿಯವರಿಗೆ ಬಿಡಬೇಡ. ನೀನೇ ಮಾಡು.

ನಿನ್ನ ತಮ್ಮ

ಜೂನ್ 22

ವಾಷರ್‌ಗೆ,

ಪೆಟ್ಟಿಗೆ ಬುಧವಾರ ಬಂತು. ಈ ಸಲ ಬಿಚ್ಚಿ ನೋಡಿಯೇ ಸಹಿ ಹಾಕಿದೆ. ತಂದವನು ಗಡಿಯಾರ ನೋಡಿಕೊಂಡ, ನೋಡಿಕೊಳ್ಳಲಿ.

ಇವತ್ತು ರಜೆ. ಹಿತ್ತಲಲ್ಲಿ ಅದೇ ಚಾಪೆ. ಹಳೆಯ ತೋಳನ್ನು ಕಳಚಿ ಹೊಸದನ್ನು ಹಾಕಿದೆ. ಬೋಲ್ಟು ಬಿಗಿ ಮಾಡಿದೆ, ಸಾಲದೇನೋ ಎಂದು ಇನ್ನೊಮ್ಮೆ ಮಾಡಿದೆ. ನಿನ್ನ ಭಾವ, “ಸಾಕು, ಬೋಲ್ಟು ಅಳುತ್ತೆ” ಎಂದರು.

ಪೆಡಲ್ ಹಿಡಿದುಕೊಂಡಾಗ ನಿನ್ನ ಪತ್ರ ನೆನಪಾಯಿತು. ಟಿಕ್ ಎನ್ನದಿದ್ದರೆ ಏನು ಗತಿ ಎಂದು ಹೆದರಿಕೆಯಾಯಿತು. ಇಪ್ಪತ್ತು ವರ್ಷದಲ್ಲಿ ಹಾಗೆ ಹೆದರಿದ್ದಿಲ್ಲ. ನನಗೂ ಐವತ್ತೊಂದು. ನನ್ನ ಬೆರಳಿಗೂ ಒಂದು ದಿನ ಬರಬಹುದು. ನಿನ್ನ ಭಾವ ಏನೂ ತಮಾಷೆ ಮಾಡದೆ ಸುಮ್ಮನೆ ನಿಂತಿದ್ದರು, ಅದಕ್ಕೆ ಇನ್ನೂ ಹೆದರಿಕೆ.

ಹಿಂದಕ್ಕೆ ತಿರುಗಿಸಿದೆ. ಟಿಕ್ ಎಂದಿತು.

ಮುಂದಕ್ಕೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಇನ್ನೊಂದು ಸುತ್ತು ಹಿಂದಕ್ಕೇ ತಿರುಗಿಸಿದೆ. ಮತ್ತೆ ಟಿಕ್ ಎಂದಿತು. ಒಂದೇ ಸಾಕಾಗಿತ್ತು, ಎರಡನೆಯದು ನಿನ್ನದು. ಆಮೇಲೆ ಮುಂದಕ್ಕೆ ತಿರುಗಿಸಿದೆ. ಕೈಯಲ್ಲೇ, ಕೀಲಿ ಮುಟ್ಟದೆ, ಕೊನೆಯವರೆಗೂ ಹೋಯಿತು.

ಸಂಜೆ ಒಂದನೇ ವಾಲ್ವಿನಿಂದ ಎಂಟನೇ ವಾಲ್ವಿನವರೆಗೆ ಓಡಿಸಿದೆ. ಒಂಬತ್ತರ ತಿರುವಿನಲ್ಲಿ ಇಳಿದು ನಡೆಸಿಕೊಂಡು ಹೋದೆ. ಅದು ನಿನ್ನ ಕೈಯ ಮೇಲಿನ ಅಪನಂಬಿಕೆಯಲ್ಲ. ಅಲ್ಲಿ ನಾನು ಯಾವತ್ತೂ ಇಳಿಯುತ್ತೇನೆ.

ಅಕ್ಕ